ಲಂಕೆಗೆ ಮರಳುವುದು: ಮೊದಲು ಮಕ್ಕಳ ಕಾಗದ, ಆಮೇಲೆ ಟಿಕೆಟ್

ಚೆನ್ನೈನಿಂದ ಕೊಲಂಬೊಗೆ ವಿಮಾನದಲ್ಲಿ ಒಂದೂವರೆ ಗಂಟೆ. ಯುದ್ಧಕ್ಕೆ ಹೆದರಿ ಓಡಿಬಂದು ತಮಿಳುನಾಡಿನ ನಿರಾಶ್ರಿತರ ಶಿಬಿರದಲ್ಲಿರುವ ಶ್ರೀಲಂಕಾ ತಮಿಳರ ಕುಟುಂಬವೊಂದು ಆ ವಿಮಾನ ಹತ್ತಬೇಕಾದರೆ ಅದಕ್ಕೂ ಮೊದಲು ತಿಂಗಳುಗಟ್ಟಲೆ ಅಲೆಯಬೇಕು. ಯಾವ ಕಾಗದ ಯಾವುದರ ನಂತರ ಎಂಬ ಕ್ರಮ ತಪ್ಪಿದರೆ ಅಲೆದಾಟ ವರ್ಷಕ್ಕೂ ಎಳೆಯುತ್ತದೆ.

1951ರ ನಿರಾಶ್ರಿತರ ಒಡಂಬಡಿಕೆಗೆ ಭಾರತ ಸಹಿ ಹಾಕಿಲ್ಲ, ನಿರಾಶ್ರಿತರಿಗೆಂದೇ ಕಾನೂನನ್ನೂ ಮಾಡಿಲ್ಲ. 1992ರ ಜನವರಿಯಲ್ಲಿ ಸರ್ಕಾರ ಇವರನ್ನು ಹಿಂದಕ್ಕೆ ಕಳಿಸಲು ಶುರುಮಾಡಿದಾಗ ಬಲವಂತದ ಆರೋಪ ಎದ್ದಿತು. ಆಮೇಲಷ್ಟೇ, ಹೋಗುವವರು ಮನಸಾರೆ ಹೋಗುತ್ತಿದ್ದಾರೆಯೇ ಎಂದು ನೋಡಲು ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿಗೆ ಅವಕಾಶ ಸಿಕ್ಕಿತು. ಇಂದಿನ ಪದ್ಧತಿಯ ಬೇರು ಅಲ್ಲಿದೆ. (ಸುಳ್ಯ, ಪುತ್ತೂರಿನ ರಬ್ಬರ್ ತೋಟದ ತಮಿಳರ ಕಥೆ ಬೇರೆ. ಅವರು 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದಡಿ ಭಾರತದ ಪ್ರಜೆಗಳಾಗಿ ಬಂದವರು.)

ಮೊದಲ ಕೆಲಸ, ಇಲ್ಲಿ ಹುಟ್ಟಿದ ಮಕ್ಕಳಿಗೆ ಶ್ರೀಲಂಕಾ ಪೌರತ್ವ ಮಾಡಿಸುವುದು. ಮಗುವಿನ ಭಾರತದ ಜನನ ಪ್ರಮಾಣಪತ್ರ, ತಂದೆತಾಯಿಯ ಲಂಕೆಯ ಜನನ ಪ್ರಮಾಣಪತ್ರ, ಮದುವೆಯ ದಾಖಲೆ ಹಿಡಿದು ಚೆನ್ನೈನ ಶ್ರೀಲಂಕಾ ಡೆಪ್ಯುಟಿ ಹೈಕಮಿಷನ್‌ನಲ್ಲಿ ಅರ್ಜಿ ಹಾಕಬೇಕು. ಹೆಚ್ಚಿನವರು ಸಿಕ್ಕಿಬೀಳುವುದು ಇಲ್ಲೇ. ಒಂದು ದಾಖಲೆಯಲ್ಲಿ ಅಪ್ಪನ ಪೂರ್ತಿ ಹೆಸರು, ಇನ್ನೊಂದರಲ್ಲಿ ಬರೀ ಇನಿಷಿಯಲ್. ಶಿಬಿರದ ರಿಜಿಸ್ಟರ್‌ನಲ್ಲಿ ಅಂದಾಜಿಗೆ ಬರೆಸಿದ ಜನ್ಮದಿನಾಂಕ, ಮೂಲ ಪ್ರಮಾಣಪತ್ರದಲ್ಲಿ ಮತ್ತೊಂದು. ಒಂದಕ್ಷರದ ಕಾಗುಣಿತ ತಪ್ಪಿಗೂ ಅರ್ಜಿ ವಾಪಸ್ ಬಂದೀತು. ಹಾಗಾಗಿ ಎಲ್ಲ ಕಾಗದಗಳನ್ನೂ ಒಟ್ಟಿಗೆ ಹರಡಿಕೊಂಡು, ಹೆಸರು, ದಿನಾಂಕ, ಊರು ತಾಳೆ ನೋಡಿ, ತಿದ್ದಿಸಿದ ಮೇಲೆಯೇ ಅರ್ಜಿ ಕೊಡುವುದು ಲೇಸು. ಮೂಲಪತ್ರವೇ ಯುದ್ಧದಲ್ಲಿ ಕಳೆದುಹೋಗಿದ್ದರೆ, ಊರಲ್ಲಿರುವ ಬಂಧುಗಳ ಮೂಲಕ ಅಲ್ಲಿನ ಪ್ರಾದೇಶಿಕ ಕಾರ್ಯದರ್ಶಿ ಕಚೇರಿಯಿಂದ ನಕಲು ತರಿಸಿಕೊಳ್ಳಬೇಕು.

ಚಹಾ ತೋಟದ ಮೂಲದ ಕುಟುಂಬಗಳ ತೊಡಕು ಇನ್ನೂ ಹಳೆಯದು: ಅಜ್ಜನಿಗೇ ಪೌರತ್ವ ಇರಲಿಲ್ಲ. ಅಂಥವರು ಶ್ರೀಲಂಕಾದ 2003ರ ಪೌರತ್ವ ಕಾಯ್ದೆಯನ್ನೂ, ಭಾರತಕ್ಕೆ ಓಡಿಬಂದವರನ್ನು ಅದರೊಳಕ್ಕೆ ಸೇರಿಸಿದ 2009ರ ತಿದ್ದುಪಡಿಯನ್ನೂ ಉಲ್ಲೇಖಿಸಿ ಅರ್ಜಿ ಹಾಕಬೇಕು.

ನಂತರ ವಿಶ್ವಸಂಸ್ಥೆಯ ಕಚೇರಿಯ ಸಂದರ್ಶನ. ‘ಏಕೆ ಹೋಗುತ್ತೀರಿ, ಊರಿನ ಈಗಿನ ಸ್ಥಿತಿ ಗೊತ್ತೇ, ಯಾರಾದರೂ ಒತ್ತಾಯಿಸಿದರೇ’ ಎಂಬ ಪ್ರಶ್ನೆಗಳಿರುತ್ತವೆ. ಮನೆಯ ಹಿರಿಯ ಎಲ್ಲರ ಪರವಾಗಿ ಉತ್ತರಿಸಿ ಮುಗಿಸುವ ವಿಷಯ ಇದಲ್ಲ. ಹೆಂಡತಿಗೆ ಮನಸ್ಸಿಲ್ಲದಿದ್ದರೆ ಅವಳು ಅದನ್ನು ಹೇಳಬೇಕಾದ ಜಾಗವೂ ಇದೇ.

ಜತೆಜತೆಗೆ ಭಾರತದಿಂದ ಹೊರಡುವ ಪರವಾನಗಿ, ಅಂದರೆ ಎಕ್ಸಿಟ್ ಪರ್ಮಿಟ್‌ಗೆ ಅರ್ಜಿ ಹೋಗಬೇಕು. ಅದು ಜಿಲ್ಲಾಡಳಿತ, ‘ಕ್ಯೂ’ ಬ್ರಾಂಚ್ (ತಮಿಳುನಾಡು ಪೊಲೀಸರ ಗುಪ್ತಚರ ವಿಭಾಗ) ಎರಡನ್ನೂ ದಾಟಿ ಬರುತ್ತದೆ. ಕೋರ್ಟಿನಲ್ಲಿ ಕೇಸು ಬಾಕಿಯಿದ್ದರೆ ಕಡತ ಅಲ್ಲಿಗೇ ನಿಲ್ಲುತ್ತದೆ. ಒಂದು ಎಚ್ಚರಿಕೆ: ಹೊರಟ ಮೇಲೆ ಶಿಬಿರದ ಹೆಸರು, ಮಾಸಿಕ ಸಹಾಯಧನ ಎರಡೂ ರದ್ದು. ಮತ್ತೆ ಬರಬೇಕೆಂದರೆ ಪಾಸ್‌ಪೋರ್ಟ್, ವೀಸಾ ಹಿಡಿದು ವಿದೇಶಿಯಾಗಿಯೇ ಬರಬೇಕು. ಹಾಗಾಗಿ ಮನೆಯ ಒಬ್ಬರ ಕಾಗದ ಬಾಕಿಯಿದ್ದರೂ ಉಳಿದವರು ಮುಂಚಿತವಾಗಿ ಹೊರಡಬಾರದು.

ದೋಣಿಯಲ್ಲಿ ಕದ್ದು ಮರಳುವವರೂ ಇದ್ದಾರೆ. ಅನುಮತಿಯಿಲ್ಲದ ಕಡಲದಾರಿಯಲ್ಲಿ ದೇಶ ಬಿಡುವುದು ಎರಡೂ ಕಡೆ ಅಪರಾಧ. ಕ್ರಮವಾಗಿ ಮರಳುವವರಿಗೆ ವಿಶ್ವಸಂಸ್ಥೆಯ ಕಚೇರಿ ಕೊಡಿಸುವ ವಿಮಾನದ ಟಿಕೆಟ್ಟೂ ಅವರ ಪಾಲಿಗಿಲ್ಲ.

ಇಳಿದ ಮೇಲೆ ಮೊದಲು ಕಾಣಬೇಕಾದವರು ಗ್ರಾಮ ನಿಲಧಾರಿ, ಅಂದರೆ ನಮ್ಮ ಗ್ರಾಮ ಲೆಕ್ಕಿಗರಂಥ ಅಧಿಕಾರಿ. ಅವರ ದೃಢೀಕರಣವಿಲ್ಲದೆ ರಾಷ್ಟ್ರೀಯ ಗುರುತಿನ ಚೀಟಿಯ ಅರ್ಜಿ ಮುಂದೆ ಸಾಗದು. ಜಮೀನಿನ ವಿಚಾರದಲ್ಲಂತೂ ತಡ ಬೇಡ. ನಿಮ್ಮ ಭೂಮಿಯನ್ನು 10 ವರ್ಷ ತಡೆಯಿಲ್ಲದೆ ಅನುಭವಿಸಿದ ಬೇರೆಯವರಿಗೆ ಅದರ ಮೇಲೆ ಹಕ್ಕು ಹೇಳಲು ಅಲ್ಲಿನ ಕಾನೂನು ಬಿಡುತ್ತದೆ. ಹಳೆಯ ಪತ್ರವನ್ನು ಹೊರಡುವ ಮೊದಲೇ ಹುಡುಕಿಟ್ಟುಕೊಂಡು, ಇಳಿದ ವಾರದಲ್ಲೇ ವಕೀಲರಿಗೆ ತೋರಿಸಬೇಕು.