ವರ್ಷಗಟ್ಟಲೆ ನೋವಿನ ಮಾತ್ರೆ ನುಂಗುವವರು ಕಿವಿಯನ್ನು ನೋಡಿಕೊಳ್ಳುವುದು ಹೇಗೆ

ಮೂರನೇ ಕ್ಲಾಸಿನ ಹುಡುಗಿಯೊಬ್ಬಳು ಪಾಠ ಓದುತ್ತಿದ್ದಳು. ನನಗೆ 'ಉಪ್ಪು' ಅಂತ ಕೇಳಿಸಿತು. "ಸರಿಯಾಗಿ ನೋಡಿ ಓದಮ್ಮ" ಎಂದೆ. ಮತ್ತೆ ಓದಿದಳು, ಮತ್ತೆ 'ಉಪ್ಪು'. ಮೂರನೇ ಸಲಕ್ಕೆ ಅವಳ ಕಣ್ಣಲ್ಲಿ ನೀರು. ಪಕ್ಕದಲ್ಲಿದ್ದವಳು ಎದ್ದು ನಿಂತು, "ಮಿಸ್, ಅವಳು ಸೊಪ್ಪು ಅಂತಲೇ ಓದ್ತಿದ್ದಾಳೆ" ಎಂದಳು. ಪುಸ್ತಕದಲ್ಲಿ ಇದ್ದದ್ದೂ ಸೊಪ್ಪೇ.

ನಾನು ಹಾಸನ ಜಿಲ್ಲೆಯ ಒಂದು ಸರ್ಕಾರಿ ಶಾಲೆಯಲ್ಲಿ ಟೀಚರ್. ವಯಸ್ಸು 51. ಸ್ಕೂಟರಿನಿಂದ ಬಿದ್ದು ಸೊಂಟದ ಡಿಸ್ಕ್ ಆಪರೇಷನ್ ಆಯಿತು. ಆಮೇಲೆ ನಾಲ್ಕು ವರ್ಷ ಟ್ರಮಡಾಲ್ ಮತ್ತು ಪ್ಯಾರಾಸಿಟಮಾಲ್ ಸೇರಿದ ಮಾತ್ರೆ ನುಂಗಿದೆ. ಹಳೇ ಚೀಟಿ ತೋರಿಸಿದರೆ ಸಾಕು, ಅಂಗಡಿಯವರು ಕೊಡುತ್ತಿದ್ದರು. ಚೀಟಿ ಬರೆದವರೂ 'ಇನ್ನೂ ಬೇಕಾ' ಅಂತ ಕೇಳಲಿಲ್ಲ. ಈ ಮಾತ್ರೆಗೂ ಕಿವಿಗೂ ಸಂಬಂಧ ಇರಬಹುದು ಅಂತ ಯಾರೂ ಹೇಳಲಿಲ್ಲ. ಅದಕ್ಕೇ ನಾನು ಹೇಳುತ್ತಿದ್ದೇನೆ.

ಮೊದಲ ಕೆಲಸ, ಮನೆಯಲ್ಲಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್ಪನ್ನೂ ಮೇಜಿನ ಮೇಲೆ ಹರಡಿ. ಮುಂದೆ ದಪ್ಪಕ್ಷರದಲ್ಲಿ ಇರುವುದು ಕಂಪನಿ ಇಟ್ಟ ಹೆಸರು. ನಮಗೆ ಬೇಕಾದದ್ದು ಸಣ್ಣಕ್ಷರದಲ್ಲಿರುವ ಔಷಧಿಯ ಹೆಸರು. ಟ್ರಮಡಾಲ್, ಟಪೆಂಟಡಾಲ್, ಕೋಡೀನ್, ಮಾರ್ಫೀನ್, ಫೆಂಟನಿಲ್ ಇವೆಲ್ಲ ಒಪಿಯಾಯ್ಡ್‌ಗಳು. ಅಫೀಮಿನ ಹಾಗೆ ಕೆಲಸ ಮಾಡುವ ನೋವಿನ ಔಷಧಿಗಳು. ಟ್ರಮಡಾಲನ್ನು ಸರ್ಕಾರ 2018ರಲ್ಲಿ ಮಾದಕ ವಸ್ತುಗಳ ಕಾಯ್ದೆಯ ಕೆಳಗೆ ತಂದಿದೆ. ಚೀಟಿ ಇಲ್ಲದೆ ಅದನ್ನು ಮಾರುವಂತಿಲ್ಲ.

ಒಪಿಯಾಯ್ಡ್ ಜೊತೆಗೆ ಪ್ಯಾರಾಸಿಟಮಾಲ್ ಇದೆಯಾ, ಎಷ್ಟು ಮಿಲಿಗ್ರಾಂ ಇದೆ, ಬರೆದುಕೊಳ್ಳಿ. ನನ್ನ ಲೆಕ್ಕ ನೋಡಿ. ಸೊಂಟದ ಮಾತ್ರೆ ದಿನಕ್ಕೆ ನಾಲ್ಕು, ಒಂದರಲ್ಲಿ 325 ಮಿಲಿಗ್ರಾಂ ಪ್ಯಾರಾಸಿಟಮಾಲ್. ಅಲ್ಲಿಗೆ 1300. ತಲೆನೋವು ಅಂತ ಡೋಲೋ 650 ಎರಡು, ಇನ್ನೊಂದು 1300. ನೆಗಡಿ ಬಂದ ದಿನ ನೆಗಡಿ ಮಾತ್ರೆ ಎರಡು, ಒಂದೊಂದರಲ್ಲೂ 500. ಒಟ್ಟು 3600 ಮಿಲಿಗ್ರಾಂ! ದೊಡ್ಡವರಿಗೆ ದಿನದ ಗಡಿ 4000, ಲಿವರ್ ತೊಂದರೆ ಇದ್ದವರಿಗೆ ಇನ್ನೂ ಕಡಿಮೆ. ನಾನು ಮೂರು ಬೇರೆ ಬೇರೆ ಮಾತ್ರೆ ಅಂದುಕೊಂಡಿದ್ದೆ. ಒಂದೇ ಔಷಧಿ ಮೂರು ಬಾಗಿಲಿನಿಂದ ಒಳಗೆ ಬರುತ್ತಿತ್ತು.

ಪ್ಯಾರಾಸಿಟಮಾಲ್ ಲೆಕ್ಕ ಯಾಕೆ ಅಂದರೆ, 2000ದಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನ ಕಿವಿ ಡಾಕ್ಟರುಗಳು 12 ರೋಗಿಗಳ ಬಗ್ಗೆ ವರದಿ ಬರೆದರು. ಅವರೆಲ್ಲ ಹೈಡ್ರೋಕೋಡೋನ್ ಎಂಬ ಒಪಿಯಾಯ್ಡ್ ಮತ್ತು ಪ್ಯಾರಾಸಿಟಮಾಲ್ ಕೂಡಿದ ಮಾತ್ರೆಯನ್ನು ಅತಿಯಾಗಿ ನುಂಗಿದವರು. ಕಿವಿ ಬೇಗ ಬೇಗ ಮಂದವಾಗುತ್ತಾ ಹೋಯಿತು. ಸ್ಟೆರಾಯ್ಡ್ ಕೊಟ್ಟರೂ ಉಪಯೋಗವಾಗಲಿಲ್ಲ. ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಆಪರೇಷನ್ ಮಾಡಿ ಒಳಗಿವಿಗೆ ಕೂರಿಸುವ ಉಪಕರಣ, ಹಾಕಿಸಿಕೊಂಡವರಿಗೆ ಮತ್ತೆ ಕೇಳಿಸಿತು. ಆಮೇಲೆ 2010ರಲ್ಲಿ ಇಲಿಯ ಕಿವಿಯ ಜೀವಕೋಶಗಳ ಮೇಲೆ ಪ್ರಯೋಗ ನಡೆಯಿತು. ಹೈಡ್ರೋಕೋಡೋನ್ ಒಂದೇ ಹಾಕಿದಾಗ ಕೋಶಗಳು ಸಾಯಲಿಲ್ಲ, ಪ್ಯಾರಾಸಿಟಮಾಲ್ ಹಾಕಿದಾಗ ಸತ್ತವು. ಎರಡೂ ಸೇರಿದರೆ ಹಾನಿ ಇನ್ನಷ್ಟು. ನಮ್ಮ ಟ್ರಮಡಾಲ್ ಅದೇ ಔಷಧಿಯಲ್ಲ, ನುಂಗಿದವರೆಲ್ಲರಿಗೂ ಹೀಗಾಗುವುದೂ ಇಲ್ಲ. ಆದರೆ ಜೊತೆಗಿರುವ ಪ್ಯಾರಾಸಿಟಮಾಲ್ ಅದೇ ಅಲ್ವಾ?

ಇನ್ನು ಮನೆಯಲ್ಲೇ ಗಮನಿಸಬೇಕಾದದ್ದು. ಕಿವುಡು ಅಂದರೆ ಏನೂ ಕೇಳಿಸದಿರುವುದು ಅಂತ ನಾನು ತಿಳಿದಿದ್ದೆ. ಹಾಗಲ್ಲ. ಸದ್ದು ಕೇಳಿಸುತ್ತದೆ, ಮಾತು ಬಿಡಿಸಿ ಕೇಳಿಸುವುದಿಲ್ಲ. ಮೊದಲು ಜಾರುವುದು ಸಾಮಾನ್ಯವಾಗಿ ಸ, ಶ ತರಹದ ಅಕ್ಷರಗಳು, ಏಕೆಂದರೆ ಅವು ತೀಕ್ಷ್ಣ ಸದ್ದು. 'ಅ', 'ಒ', 'ಮ' ಚೆನ್ನಾಗಿಯೇ ಕೇಳಿಸುತ್ತಿರುತ್ತವೆ. ಹೀಗೆ ಪರೀಕ್ಷೆ ಮಾಡಿ: ಮನೆಯವರೊಬ್ಬರು ನಿಮ್ಮ ಬೆನ್ನ ಹಿಂದೆ ನಾಲ್ಕೈದು ಅಡಿ ದೂರ ನಿಂತು ಮೆಲ್ಲಗೆ ಹೇಳಲಿ. ಸೊಪ್ಪು, ಉಪ್ಪು, ಸಾಲು, ಹಾಲು, ಶಾಲೆ, ಬಾಳೆ. ನೀವು ಕೇಳಿಸಿದ್ದನ್ನು ಬರೆಯಿರಿ. ತುಟಿ ನೋಡಬಾರದು, ಫ್ಯಾನ್ ಆರಿಸಿರಬೇಕು. ಪಕ್ಕಾ ಪರೀಕ್ಷೆ ಅಲ್ಲ ಇದು, ಡಾಕ್ಟರ ಹತ್ತಿರ ಹೋಗಬೇಕಾ ಅಂತ ತಿಳಿಯಲು ಸಾಕು. ರಾತ್ರಿ ಕಿವಿಯಲ್ಲಿ ಗುಂಯ್ ಅನ್ನುವುದು, ಟಿವಿ ಸದ್ದು ಜಾಸ್ತಿಯಾಯಿತು ಅಂತ ಮಕ್ಕಳು ರೇಗುವುದು, ಪಕ್ಕದ ಕೋಣೆಯಲ್ಲಿ ಫೋನ್ ರಿಂಗಾದದ್ದು ಗೊತ್ತಾಗದಿರುವುದು, ಇವನ್ನೂ ತಾರೀಖು ಹಾಕಿ ಬರೆದಿಡಿ. ನನ್ನ ಮಗಳು ಆರು ತಿಂಗಳಿಂದ ಹೇಳುತ್ತಿದ್ದಳು. ನಾನು ಸುಮ್ನೆ ಕೂತೆ.

ಒಂದು ಕಿವಿ ದಿಢೀರನೆ, ಒಂದೆರಡು ದಿನದಲ್ಲೇ ಮಂದವಾದರೆ ಬರೆಯುತ್ತಾ ಕೂರಬೇಡಿ. ಅವತ್ತೇ ಇಎನ್‌ಟಿ ಡಾಕ್ಟರ ಹತ್ತಿರ ಹೋಗಿ. ಅದಕ್ಕೆ ಬೇರೆ ಕಾರಣವೂ ಇರಬಹುದು, ಚಿಕಿತ್ಸೆ ಬೇಗ ಶುರುವಾದಷ್ಟೂ ಒಳ್ಳೆಯದು. ಎಣ್ಣೆ ಬಿಡುವುದು, ಬೆಳ್ಳುಳ್ಳಿ ಇಡುವುದು ಏನೂ ಬೇಡ.

ಈಗ ಬಹಳ ಮುಖ್ಯವಾದ ಮಾತು. ಇದನ್ನೆಲ್ಲ ಓದಿ ಹೆದರಿ ನಾಳೆಯಿಂದಲೇ ಮಾತ್ರೆ ನಿಲ್ಲಿಸಬೇಡಿ. ನಾನು ನಿಲ್ಲಿಸಿದೆ. ಎರಡನೇ ದಿನ ಮೈಯೆಲ್ಲ ಬೆವರು, ನಡುಕ, ಮೂಗು ಸೋರುವುದು, ಭೇದಿ, ಇಡೀ ರಾತ್ರಿ ಎಚ್ಚರ. ಜ್ವರ ಅಂದುಕೊಂಡು ಮನೆಯವರು ಡೋಲೋ ಕೊಟ್ಟರು! ದಿನಾ ಬಹಳ ಕಾಲ ನುಂಗಿದವರ ಮೈಗೆ ಈ ಔಷಧಿ ಅಭ್ಯಾಸವಾಗಿರುತ್ತದೆ. ಅದು ನಿಮ್ಮ ತಪ್ಪಲ್ಲ. ಡಾಕ್ಟರು ಹಂತ ಹಂತವಾಗಿ ಇಳಿಸಿಕೊಡಬೇಕು. ನನಗೆ ಇಳಿಸಲು ನಾಲ್ಕು ತಿಂಗಳು ಹಿಡಿಯಿತು, ಜೊತೆಗೆ ಫಿಸಿಯೋಥೆರಪಿ. ನಿಮ್ಮ ಲೆಕ್ಕ ಬೇರೆಯೇ ಇರುತ್ತದೆ, ನನ್ನದನ್ನು ನಕಲು ಮಾಡಬೇಡಿ. ಬಿಡಲು ಆಗುತ್ತಲೇ ಇಲ್ಲ ಅನ್ನಿಸಿದರೆ ಮಾನಸಿಕ ಆರೋಗ್ಯದ ಟೆಲಿ ಮಾನಸ್ ನಂಬರ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಕ್ಯಾನ್ಸರ್ ನೋವಿಗೆ ಮಾರ್ಫೀನ್ ತೆಗೆದುಕೊಳ್ಳುವವರ ಮನೆಯವರಿಗೆ ಕೈಮುಗಿದು ಹೇಳುತ್ತೇನೆ, ಕಿವಿಯ ಹೆಸರಿನಲ್ಲಿ ಅವರ ಔಷಧಿ ಕಸಿಯಬೇಡಿ. ಆ ನೋವು ಅವರಿಗೇ ಗೊತ್ತು.

ಪರೀಕ್ಷೆಗೆ ನಾನು ಹೋದದ್ದು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಆಯಿಷ್‌ಗೆ, ಅಂದರೆ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ. ನಿಮ್ಮ ಊರಿನ ಇಎನ್‌ಟಿ ಡಾಕ್ಟರ ಹತ್ತಿರವೂ ಶುರು ಮಾಡಬಹುದು. ಮೊದಲು ಕಿವಿಯಲ್ಲಿ ಗುಗ್ಗೆ ಇದೆಯಾ ನೋಡುತ್ತಾರೆ. ಎಷ್ಟೋ ಜನರ ತೊಂದರೆ ಅಲ್ಲೇ ಮುಗಿಯುತ್ತದೆ. ಆಮೇಲೆ ಸದ್ದು ಬಾರದ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಬೀಪ್ ಕೇಳಿಸಿದಾಗಲೆಲ್ಲ ಬಟನ್ ಒತ್ತಿ ಅನ್ನುತ್ತಾರೆ. ನೋಯುವುದಿಲ್ಲ. ಊಹೆಯ ಮೇಲೆ ಒತ್ತಬೇಡಿ. ಕೈಗೆ ಬರುವ ಆಡಿಯೋಗ್ರಾಮಿನಲ್ಲಿ, ಅಂದರೆ ಕಿವಿಗೆ ಎಷ್ಟು ಕೇಳಿಸುತ್ತದೆ ಅಂತ ತೋರಿಸುವ ನಕ್ಷೆಯಲ್ಲಿ, ಕೆಂಪು ಸೊನ್ನೆ ಬಲಗಿವಿ, ನೀಲಿ ಗುಣಿಸುವ ಗುರುತು ಎಡಗಿವಿ. ಎಡದಿಂದ ಬಲಕ್ಕೆ ಸದ್ದು ತೀಕ್ಷ್ಣವಾಗುತ್ತಾ ಹೋಗುತ್ತದೆ, ಸಾಮಾನ್ಯವಾಗಿ 250ರಿಂದ 8000 ಹರ್ಟ್ಸ್‌ವರೆಗೆ. ಮೇಲಿನಿಂದ ಕೆಳಕ್ಕೆ ಡೆಸಿಬೆಲ್, ಅಂದರೆ ಕೇಳಿಸಲು ಸದ್ದು ಎಷ್ಟು ಜೋರಾಗಿರಬೇಕು ಅನ್ನುವ ಅಳತೆ. ಗೆರೆ ಕೆಳಗೆ ಇಳಿದಷ್ಟೂ ಕಿವಿ ಮಂದ. ನನ್ನದು 500ರಲ್ಲಿ 20 ಡೆಸಿಬೆಲ್, 4000ದಲ್ಲಿ 55. ನನ್ನ 'ಸೊಪ್ಪು' ಉದುರಿದ್ದು ಆ ಇಳಿಜಾರಿನಲ್ಲೇ.

ಹೋಗುವಾಗ ಮಾತ್ರೆಗಳ ಪಟ್ಟಿ ತೆಗೆದುಕೊಂಡು ಹೋಗಿ, ನುಂಗಿದ ವರ್ಷಗಳ ಸಮೇತ. ಟಿಬಿಗೋ ಸೋಂಕಿಗೋ ಅಮಿಕಾಸಿನ್, ಜೆಂಟಾಮೈಸಿನ್ ಇಂಜೆಕ್ಷನ್ ಆಗಿದ್ದರೆ, ಕ್ಯಾನ್ಸರ್‌ಗೆ ಸಿಸ್‌ಪ್ಲಾಟಿನ್ ಕೊಟ್ಟಿದ್ದರೆ ಅದನ್ನೂ ಹೇಳಿ, ಅವೂ ಕಿವಿಗೆ ಪೆಟ್ಟು ಕೊಡುತ್ತವೆ. ಮಾತ್ರೆ ಜಾಸ್ತಿ ನುಂಗಿದ್ದರೆ ಮುಚ್ಚಿಡಬೇಡಿ. ನಾನು ಮೊದಲ ಸಲ ಅರ್ಧ ಹೇಳಿದೆ, ಅದಕ್ಕೇ ಎರಡನೇ ಸಲ ಹೋಗಬೇಕಾಯಿತು.

ಮಾತ್ರೆಯಿಂದಲೇ ಹೀಗಾಯಿತು ಅಂತ ಪರೀಕ್ಷೆ ಮಾಡಿದವರು ಖಚಿತವಾಗಿ ಹೇಳಲಿಲ್ಲ. ವಯಸ್ಸೂ ಸೇರಿರಬಹುದು ಎಂದರು. ಹೋದದ್ದು ವಾಪಸ್ ಬಂದಿಲ್ಲ. ಎರಡೂ ಕಿವಿಗೆ ಹಿಯರಿಂಗ್ ಏಡ್ ಇದೆ. ಹೊಂದಿಕೊಳ್ಳಲು ತಿಂಗಳು ಬೇಕಾಯಿತು, ಮೊದಲ ವಾರ ಪಾತ್ರೆ ತೊಳೆಯುವ ಸದ್ದೇ ಸಿಡಿಲಿನ ಹಾಗಿತ್ತು. ಆರು ತಿಂಗಳಿಗೊಮ್ಮೆ ಮತ್ತೆ ಪರೀಕ್ಷೆ ಮಾಡಿಸುತ್ತೇನೆ. ಹಳೇ ಆಡಿಯೋಗ್ರಾಂ ಜೊತೆಗಿದ್ದರೆ ಗೆರೆ ಇಳಿದಿದೆಯೋ ನಿಂತಿದೆಯೋ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಹಾಗಾಗಿ ನೋವಿನ ಮಾತ್ರೆ ಬಹಳ ದಿನ ನುಂಗಬೇಕು ಅಂತ ಡಾಕ್ಟರು ಹೇಳಿದ ದಿನವೇ, ಕಿವಿ ಚೆನ್ನಾಗಿರುವಾಗಲೇ, ಒಂದು ಆಡಿಯೋಗ್ರಾಂ ಮಾಡಿಸಿ ಇಟ್ಟುಕೊಳ್ಳಿ. ನನ್ನ ಹತ್ತಿರ ಅಂಥದ್ದು ಇರಲಿಲ್ಲ. ಈಗ ಮೂರು ಇವೆ, ಪ್ಲಾಸ್ಟಿಕ್ ಕವರಿನಲ್ಲಿ, ಬೀರುವಿನ ಮೇಲಿನ ಖಾನೆಯಲ್ಲಿ. ಕೊನೆಯ ಎರಡರಲ್ಲಿ ಗೆರೆ ಅಲ್ಲೇ ನಿಂತಿದೆ.