ತದಡಿ ಬೋಟಿನಲ್ಲಿ ಒಂದು ಪ್ರೇಮಕಥೆ: ನನ್ನ ಅನುಭವ

ಗೆಳೆಯರಿಬ್ಬರು ಪ್ರೇಮಿಗಳಾಗುವ ಕಥೆಯಲ್ಲಿ ಪ್ರೀತಿಯ ಭಾಗ ಸಲೀಸಾಗಿ ಬರುತ್ತದೆ. ಕಣ್ಣು ಕಣ್ಣು ಸೇರಿತು, ಮಳೆ ಬಂತು, ಹಿನ್ನೆಲೆಯಲ್ಲಿ ಕೊಳಲು ಕೇಳಿತು ಅಂದರೆ ನೋಡುವವರಿಗೆ ಅರ್ಥವಾಗಿಬಿಡುತ್ತದೆ. ಗೆಳೆತನಕ್ಕೆ ಅಂಥ ಸಿದ್ಧ ಸರಂಜಾಮು ಇಲ್ಲ. ಇಬ್ಬರು ಸುಮ್ಮನೆ ಹರಟುತ್ತಿದ್ದರೆ ಕಥೆ ಎಲ್ಲಿ ಅಂತ ಕೇಳುತ್ತಾರೆ. ಸ್ನೇಹಿತರೆಲ್ಲ ದುಡ್ಡು ಹಾಕಿ ಮಾಡಿದ ನಮ್ಮ ಐವತ್ತು ನಿಮಿಷದ ಹಾಸ್ಯ ಪ್ರೇಮಚಿತ್ರಕ್ಕೆ ಬರವಣಿಗೆ, ನಿರ್ದೇಶನ ಎರಡೂ ನನ್ನದೇ. ಅದರಲ್ಲಿ ಹೆಚ್ಚು ಬೆವರು ಹರಿದದ್ದು ಈ ಗೆಳೆತನದ ಭಾಗಕ್ಕೆ.

ಮೊದಲೇ ಒಂದು ತೀರ್ಮಾನ ಮಾಡಿಕೊಂಡಿದ್ದೆ. ಖಳನಾಯಕ ಬೇಡ, ಜಾತಿ-ಜಾತಕದ ತಕರಾರು ಬೇಡ, ಬೆಂಗಳೂರಿನಿಂದ ಬರುವ ಸಾಫ್ಟ್‌ವೇರ್ ವರನೂ ಬೇಡ. ಇಂಥ ಕಥೆಗೆ ಅಡ್ಡಿ ಒಂದೇ: ಬಾಯಿಬಿಟ್ಟು ಹೇಳಿ, ಆಕೆ ಒಲ್ಲೆ ಅಂದರೆ, ಇದ್ದ ಗೆಳತಿಯೂ ಹೋದಳು. ಈ ಒಂದು ಹೆದರಿಕೆ ಇಡೀ ಚಿತ್ರವನ್ನು ಹೊರಬಲ್ಲದು ಅಂತ ನಂಬಿದ್ದೆ. ಈ ಬಗೆಯ ಚಿತ್ರಗಳ ಮಾತು ಬಂದಾಗಲೆಲ್ಲ ನೆನಪಾಗುವ, 1989ರ ‘ವೆನ್ ಹ್ಯಾರಿ ಮೆಟ್ ಸ್ಯಾಲಿ’ಯ ಬಗ್ಗೆ ಒಂದು ಸಂಗತಿ ನನಗೆ ತುಂಬ ಧೈರ್ಯ ಕೊಟ್ಟಿತು. ನೋರಾ ಎಫ್ರಾನ್ ಬರೆದ ಆ ಕಥೆಯಲ್ಲಿ ಮೊದಲು ಇಬ್ಬರೂ ಒಂದಾಗುವ ಯೋಜನೆಯೇ ಇರಲಿಲ್ಲ. ಚಿತ್ರ ತಯಾರಾಗುವ ಹೊತ್ತಿನಲ್ಲೇ ನಿರ್ದೇಶಕ ರಾಬ್ ರೈನರ್‌ಗೆ ಮುಂದೆ ಹೆಂಡತಿಯಾಗುವವಳ ಪರಿಚಯವಾಯಿತು, ಕೊನೆ ಬದಲಾಯಿತು. ಕೊನೆ ಹಾಗೂ ಆಗಬಹುದಿತ್ತು, ಹೀಗೂ ಆಗಬಹುದಿತ್ತು ಅನ್ನುವಷ್ಟು ಗಟ್ಟಿಯಾಗಿತ್ತಲ್ಲ ಮೊದಲ ಮುಕ್ಕಾಲು ಭಾಗ! ನಾನೂ ಹಾಗೆಯೇ ಬರೆಯಲು ಕೂತೆ. ಪ್ರೀತಿ ಹುಟ್ಟದಿದ್ದರೂ ಈ ಇಬ್ಬರನ್ನು ನೋಡುತ್ತ ಕೂರಬೇಕು ಅನ್ನಿಸಬೇಕು.

ಜಾಗ ಬೇಗ ಸಿಕ್ಕಿತು. ಶಿರಸಿಯ ಬಳಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಎಲ್ಲೂ ಅಣೆಕಟ್ಟೆಗೆ ಸಿಕ್ಕದೆ ಬರುವ ಅಘನಾಶಿನಿ ಕಡಲು ಸೇರುವಲ್ಲಿ ಈಚೆ ದಡಕ್ಕೆ ಅಘನಾಶಿನಿ ಊರು, ಆಚೆ ದಡಕ್ಕೆ ತದಡಿ ಬಂದರು. ರಸ್ತೆಯಲ್ಲಿ ಹೋಗುವುದಾದರೆ ಕುಮಟಾ, ಮಿರ್ಜಾನ, ಮಾದನಗೇರಿ ಸುತ್ತಬೇಕು. ಹಾಗಾಗಿ ಜನ ಬೋಟು ಹತ್ತುತ್ತಾರೆ. ನಮ್ಮ ಹುಡುಗ ತದಡಿಯಲ್ಲಿ ಟ್ರಾಲರ್ ಎಂಜಿನ್ ರಿಪೇರಿ ಮಾಡುವವನು. ಹುಡುಗಿ ಗೋಕರ್ಣದ ಸಹಕಾರಿ ಸಂಘವೊಂದರಲ್ಲಿ ಕೆಲಸಕ್ಕಿರುವವಳು. ಶಾಲೆಯಿಂದಲೂ ಜೊತೆ. ದಿನಾ ಬೆಳಿಗ್ಗೆ ಒಂದೇ ಬೋಟು, ಒಂದೇ ಹಲಗೆ. ಬೋಟಿನಲ್ಲಿ ಮಾಡಲು ಬೇರೆ ಕೆಲಸವಿಲ್ಲ, ಮಾತಾಡಲೇಬೇಕು. ಸುತ್ತ ಕೂತವರಿಗೆಲ್ಲ ಎಲ್ಲವೂ ಕೇಳಿಸುತ್ತದೆ. ಇವರಿಬ್ಬರಿಗೆ ಗೊತ್ತಿಲ್ಲದ್ದು ಬೋಟಿನಲ್ಲಿದ್ದ ಎಲ್ಲರಿಗೂ ಗೊತ್ತು. ನಗುವಿಗೆ ನನಗೆ ಬೇಕಾದದ್ದು ಇಷ್ಟೇ.

ಸಂಭಾಷಣೆಯನ್ನು ನಾನು ಪೂರ್ತಿ ಬರೆದಿಡಲಿಲ್ಲ. ಶಿರಸಿ ಕಡೆಯವನಾದ ನನಗೆ ತಾಳಮದ್ದಳೆ, ಅಂದರೆ ಯಕ್ಷಗಾನದ ಕೂತು ಮಾತಾಡುವ ರೂಪ, ಕೇಳುತ್ತ ಬೆಳೆದ ರೂಢಿ. ವೇಷವಿಲ್ಲ, ಕುಣಿತವಿಲ್ಲ. ಹಾಡುವ ಭಾಗವತರ ಪದ ಮುಗಿಯುತ್ತಲೇ, ಪಾತ್ರಗಳಾಗಿ ಮಾತಾಡುವ ಅರ್ಥಧಾರಿಗಳು ಕೂತಲ್ಲೇ ಮಾತು ಕಟ್ಟುತ್ತಾರೆ. ಪ್ರಸಂಗ ಇಬ್ಬರಿಗೂ ಗೊತ್ತು, ಎದುರಿನವರು ಏನು ಹೇಳುತ್ತಾರೆ ಅನ್ನುವುದು ಗೊತ್ತಿಲ್ಲ. ಹಾಗಾಗಿ ಕಿವಿಗೊಟ್ಟು ಕೇಳಲೇಬೇಕು. ತಾಲೀಮಿಗೆ ಇದನ್ನೇ ಹಿಡಿದೆ. ನಟ-ನಟಿಯನ್ನು ಮನೆಯ ಅಂಗಳದಲ್ಲಿ ಎದುರುಬದುರು ಕೂರಿಸಿ ಸಂದರ್ಭ ಮಾತ್ರ ಹೇಳುತ್ತಿದ್ದೆ: ತಿಂಡಿಗೆ ಕೂತಿದ್ದೀರಿ, ಒಂದೇ ಬನ್ಸ್ (ಬಾಳೆಹಣ್ಣಿನ ಪೂರಿ) ಉಳಿದಿದೆ, ಮುಂದೆ ನೀವೇ ನೋಡಿಕೊಳ್ಳಿ.

“ಕೈಗೆಲ್ಲ ಗ್ರೀಸು, ತೊಳ್ಕಂಡು ತಿನ್ನೋ.”

“ಗ್ರೀಸಲ್ಲ ಮಾರಾಯ್ತಿ, ರುಚಿ ಅದು.”

ಇದು ನಾನು ಬರೆದದ್ದಲ್ಲ, ಅವರ ಬಾಯಲ್ಲಿ ಹುಟ್ಟಿದ್ದು. ಮಾತಿಗಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಆಕೆಯ ಕೈ. ಬಿಸಿ ಬನ್ಸನ್ನು ಎರಡು ಬೆರಳಲ್ಲಿ ಮುರಿದು, ಒಳಗಿನ ಹಬೆ ಹೋಗಲಿ ಅಂತ ಒಂದು ಕ್ಷಣ ಹಿಡಿದು, ದೊಡ್ಡ ಚೂರನ್ನು ಅವನತ್ತ ನೋಡದೆಯೇ ಅವನ ತಟ್ಟೆಗೆ ಸರಿಸಿಬಿಟ್ಟಳು. ಅವನೂ ನೋಡದೆ ಭಾಜಿಗೆ ಅದ್ದಿ ತಿಂದ. ನೋಡಿಕೊಳ್ಳುವ ಅಗತ್ಯವೇ ಇಲ್ಲದಿರುವುದು ಗೆಳೆತನ ಅಂತ ನನಗೆ ಅಂದು ಹೊಳೆಯಿತು. ಚಿತ್ರದ ದ್ವಿತೀಯಾರ್ಧದಲ್ಲಿ ಅದೇ ಹುಡುಗಿ ಬನ್ಸನ್ನು ಸರಿಸಮ ಅರ್ಧ ಮಾಡಲು ಒದ್ದಾಡುತ್ತಾಳೆ, ಅವನು “ಬೇಡ, ನೀನೇ ತಿನ್ನು” ಅನ್ನುತ್ತಾನೆ. ಜನ ಅತಿ ಹೆಚ್ಚು ನಕ್ಕ ದೃಶ್ಯ ಅದು.

ಕ್ಯಾಮೆರಾಗೂ ಇದೇ ನಿಯಮ ಹಾಕಿದೆ. ಮೊದಲರ್ಧದಲ್ಲಿ ಇಬ್ಬರೂ ಯಾವಾಗಲೂ ಒಂದೇ ಫ್ರೇಮಿನಲ್ಲಿ. ಒಬ್ಬರ ಮುಖ, ಆಮೇಲೆ ಇನ್ನೊಬ್ಬರ ಮುಖ ಅಂತ ಕತ್ತರಿಸುವಂತಿಲ್ಲ. ಛಾಯಾಗ್ರಾಹಕ ಗೆಳೆಯನಿಗೆ ಇದು ಅಷ್ಟಾಗಿ ಒಪ್ಪಿಗೆಯಾಗಲಿಲ್ಲ. ಒಬ್ಬರ ಮಾತು ಜಾರಿದರೂ ಇಡೀ ಶಾಟ್ ಮತ್ತೆ ತೆಗೆಯಬೇಕು, ಸಂಕಲನದಲ್ಲಿ ಕೈಗೆ ಏನೂ ಉಳಿಯುವುದಿಲ್ಲ ಅಂದ. ಅವನ ಮಾತೂ ನಿಜವೇ. ಆದರೂ ಹಟ ಹಿಡಿದೆ, ಏಕೆಂದರೆ ಹಾಸ್ಯದ ಲಯ ಇಬ್ಬರ ನಡುವೆ ಇರುತ್ತದೆ. ಅವಳು ಬೈಯುವಾಗ ಇವನ ಮುಖ ಏನಾಗುತ್ತದೆ ಅನ್ನುವುದು ಅದೇ ಹೊತ್ತಿಗೆ ಕಾಣಬೇಕು.

ಗೆಳೆತನ ಪ್ರೀತಿಯಾಗುವ ತಿರುವನ್ನು ನಮಗೆ ಕರಾವಳಿಯ ಕ್ಯಾಲೆಂಡರೇ ಒದಗಿಸಿತು. ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಟ್ರಾಲರುಗಳು ದಡ ಸೇರುತ್ತವೆ, ಎಂಜಿನ್ ಬಿಚ್ಚುವುದು ಆಗಲೇ. ಉಳಿದವರಿಗೆ ರಜೆ, ಮೆಕ್ಯಾನಿಕ್‌ಗೆ ಸುಗ್ಗಿ. ನಮ್ಮ ಹುಡುಗ ತದಡಿಯಲ್ಲೇ ಉಳಿದುಬಿಡುತ್ತಾನೆ. ಹುಡುಗಿ ಮೊದಲ ಸಲ ಒಬ್ಬಳೇ ಹೊಳೆ ದಾಟುತ್ತಾಳೆ. ಫ್ರೇಮನ್ನು ನಾವು ಬದಲಿಸಲಿಲ್ಲ. ಅದೇ ಲೆನ್ಸ್, ಅದೇ ಅಂತರ, ಬಲಗಡೆ ಅವಳು, ಎಡಗಡೆ ಖಾಲಿ ಹಲಗೆ. ಆಮೇಲೆ ಇಬ್ಬರೂ ಮತ್ತೆ ಭೇಟಿಯಾದಾಗ ಮಾತ್ರ ಬೇರೆ ಬೇರೆ ಕ್ಲೋಸಪ್ ಬಳಸಿದೆವು. ಪ್ರೀತಿ ಬಂದ ಮೇಲೆ ದೂರ ಹುಟ್ಟುತ್ತದೆ, ಒಬ್ಬರನ್ನೊಬ್ಬರು ನೋಡಬೇಕಾಗುತ್ತದೆ.

ಹೊಳೆಯ ಬಾಯಲ್ಲಿ ಚಿತ್ರೀಕರಣ ಮಾಡುವವರು ಭರತ-ಇಳಿತದ ಲೆಕ್ಕ ಮೊದಲು ಹಾಕಬೇಕು. ದಿನಕ್ಕೆ ಎರಡು ಭರತ, ಎರಡು ಇಳಿತ, ಮತ್ತು ಪ್ರತಿದಿನ ಅದು ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಇವತ್ತು ಒಂಬತ್ತು ಗಂಟೆಗೆ ಬೋಟು ನಿಲ್ಲುವ ಧಕ್ಕೆಯ ಮೆಟ್ಟಿಲು ಮುಳುಗಿದ್ದರೆ ಒಂದು ವಾರ ಬಿಟ್ಟು ಅದೇ ಹೊತ್ತಿಗೆ ಒಣಗಿರುತ್ತದೆ, ಬಳಚು (ಚಿಪ್ಪುಮೀನು) ಹೆಕ್ಕುವವರು ಕೆಸರಿಗಿಳಿದಿರುತ್ತಾರೆ. ಒಂದೇ ದೃಶ್ಯದ ಎರಡು ಶಾಟ್ ಹೊಂದಬೇಕಾದರೆ ಗಡಿಯಾರ ಬಿಟ್ಟು ನೀರನ್ನು ನೋಡಬೇಕು, ಇಲ್ಲವೇ ಹೆಚ್ಚುಕಡಿಮೆ ಹದಿನೈದು ದಿನ ಕಾಯಬೇಕು, ಆಗ ಭರತ ಹಳೆಯ ಸಮಯಕ್ಕೆ ಮರಳುತ್ತದೆ. ಶೆಡ್ಯೂಲನ್ನು ಪಂಚಾಂಗದ ಹುಣ್ಣಿಮೆ-ಅಮಾವಾಸ್ಯೆ ಮುಂದಿಟ್ಟುಕೊಂಡು ಬರೆದೆವು. ಧ್ವನಿಯ ಕಷ್ಟ ಬೇರೆ ಥರದ್ದು. ಡೀಸೆಲ್ ಎಂಜಿನ್ ಪಕ್ಕ ಕಾಲರ್ ಮೈಕಿನಲ್ಲಿ ಪಿಸುಮಾತು ನಿಲ್ಲುವುದಿಲ್ಲ. ಮಾತನ್ನು ಚಿಕ್ಕದು ಮಾಡಿ, ಗಟ್ಟಿಯಾಗಿ ಆಡಿಸಿದೆವು.

ಎಂಜಿನ್ ಸದ್ದಿನಲ್ಲಿ ಹುಡುಗ ಪ್ರೀತಿ ಹೇಳಲಿ, ಅಷ್ಟರಲ್ಲಿ ಎಂಜಿನ್ ನಿಲ್ಲಲಿ, ಎಲ್ಲರಿಗೂ ಕೇಳಲಿ ಅಂತ ತಂಡದಲ್ಲಿ ಅನೇಕರ ಒತ್ತಾಯ. ನಾನು ಒಪ್ಪಲಿಲ್ಲ. ಬೋಟಿನವರು ಅವನನ್ನು ನೋಡಿ ನಗುವುದು ನನಗೆ ಬೇಡವಾಗಿತ್ತು, ಅವರು ಅವನ ಪರವಾಗಿರುವುದು ಬೇಕಿತ್ತು. ಆಗಸ್ಟ್‌ನಲ್ಲಿ ನಿಷೇಧ ಮುಗಿದು ಅವನು ಬೋಟು ಹತ್ತುತ್ತಾನೆ, ನಾಚಿಕೊಂಡು ದೂರ ಕೂರುತ್ತಾನೆ. ಅವಳ ಪಕ್ಕ ಮೀನು ಮಾರುವ ಅಕ್ಕನ ಬುಟ್ಟಿ ಇದೆ. ಆ ಅಕ್ಕ ಒಂದೂ ಮಾತಾಡದೆ ಬುಟ್ಟಿ ಎತ್ತಿ ತೊಡೆಯ ಮೇಲಿಟ್ಟುಕೊಳ್ಳುತ್ತಾಳೆ. ಆ ಪಾತ್ರ ಮಾಡಿದವರು ನಿಜವಾಗಿಯೂ ಮೀನು ಮಾರುವವರೇ, ಬುಟ್ಟಿ ಎತ್ತಿದ ರೀತಿಯನ್ನು ಯಾವ ನಟಿಗೂ ನಾನು ಹೇಳಿಕೊಡಲಾರೆ. ಅವನು ಬಂದು ಕೂರುತ್ತಾನೆ.

“ಎರಡು ತಿಂಗಳು ಒಬ್ಳೇ ಬಂದೆ ಮಾರಾಯ. ಇನ್ನು ಬರೂದಿಲ್ಲ.”

“ಬೋಟಿಗಾ?”

“ಒಬ್ಳೇ.”

ಚಿತ್ರ ಅಲ್ಲಿಗೆ ಮುಗಿಯುತ್ತದೆ. ಊರಲ್ಲಿ ತೋರಿಸಿದಾಗ ಇದೇ ಜಾಗದಲ್ಲಿ ಚರ್ಚೆ ಎದ್ದಿತು. ಹುಡುಗನೇ ಮೊದಲು ಕೇಳಬೇಕಿತ್ತು ಅಂದರು ಕೆಲವು ಹಿರಿಯರು. ಹಿಂದಿನ ಸಾಲಿನ ಕಾಲೇಜು ಹುಡುಗಿಯರು ಜೋರಾಗಿ ಅಲ್ಲಗಳೆದರು. ನಾನು ಹುಡುಗಿಯರ ಪಕ್ಷ. ಮಳೆಗಾಲ ಪೂರ್ತಿ ಖಾಲಿ ಹಲಗೆಯ ಪಕ್ಕ ಕೂತು ಹೊಳೆ ದಾಟಿದವಳು ಅವಳು, ಮೊದಲ ಮಾತು ಅವಳದ್ದೇ ಆಗಬೇಕು.