ಮಗನ ಕಣ್ಣು ಕೆಂಪಗಿದ್ದರೆ ಬರೀ ಡ್ರಾಪ್ಸ್ ಹಾಕಿ ಸುಮ್ಮನಾಗಬೇಡಿ

ಕೋಲಾರದಲ್ಲಿ ನನ್ನದೊಂದು ಸಣ್ಣ ಮೆಡಿಕಲ್ ಸ್ಟೋರ್ ಇದೆ. ಟೊಮೆಟೊ ಸೀಸನ್ನಿನಲ್ಲಿ ಒಬ್ಬರು ಅಮ್ಮ ತಿಂಗಳಿಗೆ ಮೂರನೇ ಸಲ ಕಣ್ಣಿನ ಡ್ರಾಪ್ಸ್ ಕೇಳಿಕೊಂಡು ಬಂದರು. ಯಾರಿಗಮ್ಮಾ ಅಂದೆ. ಮಗನಿಗಪ್ಪಾ, ಮಂಡಿಯಲ್ಲಿ ರಾತ್ರಿಯೆಲ್ಲ ಬಾಕ್ಸ್ ಲೋಡಿಂಗು, ಧೂಳು ಅಂದರು. ಇರಬಹುದು. ಆದರೆ ಧೂಳು ಬಿದ್ದ ಕಣ್ಣು ಉರಿಯುತ್ತೆ, ನೀರು ಸುರಿಸುತ್ತೆ. ಇವನಿಗೆ ಉರಿ ಇಲ್ಲ, ಬಂದವನೇ ಒಂದು ಪಾತ್ರೆ ಅನ್ನ ಖಾಲಿ ಮಾಡಿ ಗೋಡೆ ನೋಡಿಕೊಂಡು ನಗುತ್ತಾನಂತೆ. ಗಾಂಜಾ ಇರಬಹುದು ಅನ್ನಿಸಿತು ನನಗೆ.

ಹಾಗಂತ ಕಣ್ಣು ಕೆಂಪಗಾದವರೆಲ್ಲ ಗಾಂಜಾ ಸೇದಿದವರಲ್ಲ. ಒಂದೇ ಗುರುತು ಹಿಡಿದುಕೊಂಡು ಹುಡುಗನ ಮೇಲೆ ಬೀಳಬೇಡಿ. ನಿದ್ದೆ, ದುಡ್ಡು, ಸ್ನೇಹಿತರು, ಈ ಮೂರೂ ಎರಡು ಮೂರು ವಾರದಲ್ಲಿ ಒಟ್ಟಿಗೆ ಬದಲಾದವಾ ನೋಡಿ. ದುಡ್ಡಿನ ವಿಷಯದಲ್ಲಂತೂ ಮೊದಲು ಹೋಗುವುದು ಹಾಲಿನ ಚಿಲ್ಲರೆ, ಬೆಳ್ಳಿ ಕಾಲುಚೈನು ಹೋಗುವುದು ಆಮೇಲೆ. ಕಾಣೆಯಾದದ್ದು ಚಿಕ್ಕದು ಅಂತ ಮನೆಯವರೂ ಸುಮ್ನೆ ಇರ್ತಾರೆ, ಅಲ್ವಾ?

ನನ್ನ ಕೌಂಟರಿಗೆ ಜಾಸ್ತಿ ಬರುವವರು ನೋವಿನ ಮಾತ್ರೆಯವರು. ಟಪೆಂಟಡಾಲ್ ಅಂತ, ಡಾಕ್ಟರ್ ಚೀಟಿ ಇಲ್ಲದೆ ಕೊಡುವ ಹಾಗಿಲ್ಲ. ಹುಡುಗರು ತರುವ ಚೀಟಿ ಜೆರಾಕ್ಸಿನ ಜೆರಾಕ್ಸು, ತಾರೀಖಿನ ಜಾಗ ಮಾತ್ರ ಗೀಚಿರುತ್ತೆ. ಈ ಜಾತಿಯ ಮಾತ್ರೆ, ಹೆರಾಯಿನ್ ಎಲ್ಲ ಒಂದೇ ಬಳಗ. ಮಬ್ಬು ಬೆಳಕಿನಲ್ಲೂ ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟು ಚಿಕ್ಕದಾಗಿರುತ್ತೆ, ಮಾತಾಡುತ್ತಲೇ ತೂಕಡಿಸುತ್ತಾರೆ, ಮಲಬದ್ಧತೆ ಕಾಡುತ್ತೆ. ಬೇಸಿಗೆಯಲ್ಲೂ ತುಂಬು ತೋಳಿನ ಶರ್ಟ್ ಬಿಚ್ಚದಿದ್ದರೆ ಸೂಜಿ ಗುರುತು ಮುಚ್ಚುತ್ತಿರಬಹುದು. ಇನ್ನು ಚಿಕ್ಕ ಹುಡುಗರ ಕರ್ಚೀಫಿನಲ್ಲಿ ಪಂಕ್ಚರ್ ಸಲ್ಯೂಷನ್ ವಾಸನೆ, ಬಾಯಿ ಸುತ್ತ ಗುಳ್ಳೆ ಕಂಡರೆ ಅದನ್ನು ಮೂಸುತ್ತಿದ್ದಾರೆ ಅನ್ನೋ ಅನುಮಾನ ಬರಬೇಕು.

ಬಿಡೋಕೆ ಯಾಕಾಗಲ್ಲ, ಮನಸ್ಸು ಗಟ್ಟಿ ಇಲ್ವಾ ಅಂತ ಕೇಳುತ್ತಾರೆ. ಮೊದಲು ಮಜಾಕ್ಕೆ ತಗೊಳ್ತಾರೆ. ಮೆದುಳು ಅದಕ್ಕೆ ಒಗ್ಗಿಹೋಗಿ, ನಿನ್ನೆಯ ಒಂದು ಮಾತ್ರೆಯ ಕೆಲಸಕ್ಕೆ ಇವತ್ತು ಎರಡು ಬೇಕಾಗುತ್ತೆ. ತಗೊಳ್ಳದಿದ್ದರೆ ಆಕಳಿಕೆ, ಮೂಗು ಸೋರುವುದು, ಭೇದಿ, ಮೈ ಮೂಳೆಯೆಲ್ಲ ಹಿಂಡುವ ನೋವು. ಅಷ್ಟೊತ್ತಿಗೆ ಅವನು ತಗೊಳ್ಳುವುದು ಮಜಾಕ್ಕಲ್ಲ, ಆ ನೋವಿಗೆ.

ಅದಕ್ಕೇ ಹೇಳೋದು, ರೂಮಿಗೆ ಹಾಕಿ ಬೀಗ ಜಡಿಯಬೇಡಿ. ಕುಡಿತದವರ ವಿಷಯದಲ್ಲಿ ಇದು ಇನ್ನೂ ಅಪಾಯ: ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ಬಿಟ್ಟರೆ ಎರಡು ಮೂರು ದಿನದೊಳಗೆ ಫಿಟ್ಸ್ ಬರಬಹುದು, ಜೀವಕ್ಕೇ ಕುತ್ತು. ನಶೆಯಲ್ಲಿರುವಾಗ ಜಗಳ ತೆಗೆಯಬೇಡಿ. ಮಾರನೇ ಬೆಳಿಗ್ಗೆ ಕಾಫಿ ಕೊಟ್ಟು, ಒಬ್ಬರೇ ಕೂತು, ಕಂಡದ್ದನ್ನಷ್ಟೇ ಹೇಳಿ: "ಹಾಲಿನ ದುಡ್ಡು ಮೂರು ಸಲ ಕಡಿಮೆ ಬಂತು ಕಣಪ್ಪಾ, ಏನಾಯ್ತು?" ನೆಂಟರನ್ನೆಲ್ಲ ಸೇರಿಸಿ ಪಂಚಾಯ್ತಿ ಮಾಡಿದರೆ ಮುಂದಿನ ಸಲ ಬಚ್ಚಿಡೋದನ್ನ ಚೆನ್ನಾಗಿ ಕಲಿಯುತ್ತಾನೆ, ಅಷ್ಟೇ.

ಆಮೇಲೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಮೊದಲು ಫೋನಿನಲ್ಲೇ ಕೇಳಬೇಕು ಅಂದರೆ ವ್ಯಸನಮುಕ್ತಿ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ 14416. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಬೇರೆ ವಿಭಾಗವಿದೆ. ಪೊಲೀಸ್ ಕೇಸಾಗುತ್ತೆ ಅಂತ ಹೆದರಿ ಕೂರುವವರೇ ಜಾಸ್ತಿ. ಮಾದಕ ವಸ್ತುಗಳ ಕುರಿತ 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಸೆಕ್ಷನ್‌ನಲ್ಲಿ, ವ್ಯಸನಿ ತಾನಾಗಿ ಬಂದು ಮಾನ್ಯತೆ ಇರುವ ಕಡೆ ಚಿಕಿತ್ಸೆ ಪಡೆದರೆ ಸೇವನೆಯ ಅಥವಾ ಸಣ್ಣ ಪ್ರಮಾಣದ ಮಾಲಿನ ಕೇಸಿನಿಂದ ರಕ್ಷಣೆ ಇದೆ. ಅರ್ಧಕ್ಕೆ ಬಿಟ್ಟು ಬಂದರೆ ಆ ರಕ್ಷಣೆ ಹೋಗಬಹುದು.

ಅಲುಗಾಡಿಸಿದರೂ ಏಳುತ್ತಿಲ್ಲ, ಉಸಿರು ನಿಧಾನ, ತುಟಿ ನೀಲಿ ಆಗಿದೆ ಅಂದರೆ ಯೋಚನೆ ಬೇಡ. 108ಕ್ಕೆ ಫೋನ್ ಮಾಡಿ, ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಬಾಯಿಗೆ ಮಜ್ಜಿಗೆ, ನಿಂಬೆರಸ ಏನೂ ಹಾಕಬೇಡಿ.

ಆ ಅಮ್ಮ ಈಗ ಡ್ರಾಪ್ಸ್ ಕೇಳಲ್ಲ. ಮಗ ಬಿಟ್ಟಿದ್ದ, ಹಬ್ಬದಲ್ಲಿ ಒಮ್ಮೆ ಮತ್ತೆ ಸೇದಿದ. ಬೈಯದೆ ಅದೇ ಡಾಕ್ಟರ ಹತ್ತಿರ ವಾಪಸ್ ಕರೆದುಕೊಂಡು ಹೋದರಂತೆ. ಕೂಲಿ ದುಡ್ಡು ಸದ್ಯಕ್ಕೆ ಅಮ್ಮನ ಅಕೌಂಟಿಗೇ ಬೀಳುತ್ತಿದೆ, ಹಾಗೆ ಮಾಡಿ ಅಂದವನು ಅವನೇ.